ಬೇಲಿ ಹಾಕಬಹುದು, ಮಣ್ಣು ತೋಡುವಂತಿಲ್ಲ

ಊರಂಚಿನ ಹೊಲವೊಂದಕ್ಕೆ ಸುತ್ತಲೂ ತಗಡಿನ ಬೇಲಿ ಬಂದು, ಒಳಗೆ ಜೆಸಿಬಿ ಸದ್ದು ಕೇಳಿಸಿದ ಮೇಲೆ ಜನ ಹತ್ತಿರದ ಕಚೇರಿಗೆ ಓಡುತ್ತಾರೆ. ಹಳ್ಳಿಯಾದರೆ ಪಂಚಾಯಿತಿ, ಪಟ್ಟಣವಾದರೆ ನಗರಸಭೆ, ದೊಡ್ಡ ಊರಾದರೆ ನಗರಾಭಿವೃದ್ಧಿ ಪ್ರಾಧಿಕಾರ. ಅಲ್ಲಿ ಸಿಗುವ ಉತ್ತರ ಬಹುಮಟ್ಟಿಗೆ ಒಂದೇ: "ಇಸಿ ಆಗಿದೆ ಸ್ವಾಮಿ, ನಮ್ಮ ಕೈಲೇನೂ ಇಲ್ಲ."

ಉತ್ತರ ಅರ್ಧ ನಿಜ. ಇಸಿ ಅಂದರೆ ಪರಿಸರ ಅನುಮತಿ; ಸರ್ಕಾರಿ ಕಾಗದದಲ್ಲಿ ಅದೇ ಪರಿಸರ ವಿಮೋಚನಾ ಪತ್ರ. ಅದನ್ನು ಪಂಚಾಯಿತಿಯೂ ಕೊಡುವುದಿಲ್ಲ, ಯೋಜನಾ ಪ್ರಾಧಿಕಾರವೂ ಕೊಡುವುದಿಲ್ಲ. ಆದರೆ ಅದು ಕೈಗೆ ಬರುವ ಮೊದಲು ಆ ಕಡತ ಹಲವು ಮೇಜುಗಳನ್ನು ದಾಟಿರುತ್ತದೆ. ಪ್ರತಿ ಮೇಜಿನ ಮುಂದೆಯೂ ಊರಿನವರು ಮಾತಾಡಲು ಒಂದಿಷ್ಟು ಜಾಗ ಇರುತ್ತದೆ. ಆ ಜಾಗ ಎಲ್ಲಿದೆ, ಎಷ್ಟು ದಿನ ತೆರೆದಿರುತ್ತದೆ ಎಂಬುದು ಗೊತ್ತಿಲ್ಲದ್ದರಿಂದಲೇ ಹೆಚ್ಚಿನ ಹೋರಾಟಗಳು ಜೆಸಿಬಿ ಬಂದ ಮೇಲೆ ಶುರುವಾಗುತ್ತವೆ.

ಮೊದಲು ಬೇಲಿಯ ವಿಷಯ. ನಮ್ಮ ದೇಶದಲ್ಲಿ ಈ ವ್ಯವಸ್ಥೆಗೆಲ್ಲ ಮೂಲ 2006ರ ಸೆಪ್ಟೆಂಬರ್ 14ರ ಇಐಎ, ಅಂದರೆ ಪರಿಸರ ಪರಿಣಾಮ ಅಂದಾಜು ಅಧಿಸೂಚನೆ. 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ ಕೇಂದ್ರ ಪರಿಸರ ಸಚಿವಾಲಯ ಹೊರಡಿಸಿದ್ದು. ಇದಕ್ಕೂ ಮೊದಲು 1994ರದ್ದೊಂದು ಇತ್ತು. 2006ರದ್ದರ ಪ್ರಕಾರ ಅದರ ಪಟ್ಟಿಯಲ್ಲಿರುವ ಯೋಜನೆಗೆ ಅನುಮತಿ ಸಿಗುವ ಮುನ್ನ ಜಾಗವನ್ನು ಭದ್ರಪಡಿಸಿಕೊಳ್ಳಬಹುದು, ಅಷ್ಟೇ. ಬೇಲಿ ಹಾಕಬಹುದು, ಕಾವಲುಗಾರನಿಗೊಂದು ಶೆಡ್ ಕಟ್ಟಬಹುದು. ನೆಲ ಸಮತಟ್ಟು ಮಾಡುವುದು, ಪಾಯ ತೋಡುವುದು ನಿಷಿದ್ಧ. ಆದ್ದರಿಂದ ಬೇಲಿಯೊಳಗೆ ಮಣ್ಣು ಏಳುತ್ತಿದ್ದರೆ ಕೇಳಬೇಕಾದ ಮೊದಲ ಪ್ರಶ್ನೆ "ಇಸಿ ಆಗಿದೆಯಾ" ಅಲ್ಲ, "ಇಸಿಯ ದಿನಾಂಕ ಯಾವುದು" ಎಂಬುದು. ದಿನಾಂಕ ಕಾಣುವಂತೆ ಫೋಟೊ ತೆಗೆದಿಟ್ಟುಕೊಳ್ಳಿ. ಮುಂದೆ ಎಲ್ಲಕ್ಕಿಂತ ಕೆಲಸಕ್ಕೆ ಬರುವ ಸಾಕ್ಷ್ಯ ಅದೇ.

ಯಾರು ಕೊಡುತ್ತಾರೆ? ದೊಡ್ಡ ಅಣೆಕಟ್ಟು, ಅಣು ವಿದ್ಯುತ್, ದೊಡ್ಡ ಗಣಿಯಂಥವು 'ಎ' ವರ್ಗ. ದೆಹಲಿಯ ಸಚಿವಾಲಯ ನೋಡುತ್ತದೆ. 'ಬಿ' ವರ್ಗದವನ್ನು ಬೆಂಗಳೂರಿನಲ್ಲಿರುವ ರಾಜ್ಯ ಪರಿಸರ ಪರಿಣಾಮ ಅಂದಾಜು ಪ್ರಾಧಿಕಾರ ನೋಡುತ್ತದೆ. ಕಚೇರಿಗಳಲ್ಲಿ ಎಲ್ಲರೂ ಅದನ್ನು 'ಸಿಯಾ' ಅನ್ನುತ್ತಾರೆ. ಅದಕ್ಕೆ ಸಲಹೆ ಕೊಡುವ ತಜ್ಞರ ಸಮಿತಿ 'ಸಿಯಾಕ್'. ನಿಜವಾದ ಪರಿಶೀಲನೆ ನಡೆಯುವುದು ಈ ಸಮಿತಿಯ ಸಭೆಯಲ್ಲಿ. 'ಬಿ'ಯಲ್ಲೂ ಎರಡು ಬಗೆ: ಬಿ1ಕ್ಕೆ ಪೂರ್ತಿ ಇಐಎ ವರದಿ ಬೇಕು, ಬಿ2ಕ್ಕೆ ಬೇಡ.

ಕಟ್ಟಡಗಳಿಗೆ ಲೆಕ್ಕ ಹೀಗಿದೆ. 20,000 ಚದರ ಮೀಟರಿನಿಂದ 1,50,000 ಚದರ ಮೀಟರಿನ ಒಳಗಿದ್ದರೆ ಪರಿಸರ ಅನುಮತಿ ಬೇಕು, ಆದರೆ ಇಐಎ ವರದಿ ಬೇಡ. ನಿಗದಿತ ನಮೂನೆಗಳು ಮತ್ತು ಪರಿಕಲ್ಪನಾ ನಕ್ಷೆ ಸಾಕು. 1,50,000 ಮೀರಿದರೆ, ಅಥವಾ ಟೌನ್‌ಶಿಪ್ಪು 50 ಹೆಕ್ಟೇರ್, ಅಂದರೆ ಸುಮಾರು 124 ಎಕರೆ ಮುಟ್ಟಿದರೆ ವರದಿಯೂ ಬೇಕು. 20,000 ಚದರ ಮೀಟರ್ ಅಂದರೆ ಅಂದಾಜು 2.15 ಲಕ್ಷ ಚದರ ಅಡಿ. ಇಲ್ಲಿ ಎಣಿಕೆಗೆ ಬರುವುದು ಮಾರಾಟದ ವಿಸ್ತೀರ್ಣವಲ್ಲ. ಎಲ್ಲ ಅಂತಸ್ತುಗಳ ಜತೆಗೆ ಬೇಸ್‌ಮೆಂಟ್, ಪಾರ್ಕಿಂಗ್, ಜನರೇಟರ್ ಕೋಣೆ ಎಲ್ಲವೂ ಸೇರುತ್ತವೆ. ಕರಪತ್ರದಲ್ಲಿ ಕಾಣುವ ಫ್ಲಾಟುಗಳನ್ನಷ್ಟೇ ಕೂಡಿಸಿ "ಮಿತಿಯೊಳಗಿದೆ" ಅಂದುಕೊಳ್ಳಬೇಡಿ. 19,000 ಚಿಲ್ಲರೆ ಚದರ ಮೀಟರಿನ ಎರಡು ಯೋಜನೆಗಳು ಒಂದೇ ಗೇಟು, ಒಂದೇ ರಸ್ತೆ, ಒಂದೇ ಕೊಳಚೆ ಶುದ್ಧೀಕರಣ ಘಟಕ ಹಂಚಿಕೊಂಡು ಅಕ್ಕಪಕ್ಕ ಏಳುತ್ತಿದ್ದರೆ ಅನುಮಾನ ಪಡಲು ಕಾರಣವಿದೆ. ಮಿತಿ ತಪ್ಪಿಸಲು ಯೋಜನೆಯನ್ನು ತುಂಡು ಮಾಡುವುದು ಹಳೆಯ ಉಪಾಯ.

2025ರ ಜನವರಿಯಲ್ಲಿ ಶಾಲೆ, ಕಾಲೇಜು, ಹಾಸ್ಟೆಲ್, ಕೈಗಾರಿಕಾ ಶೆಡ್‌ಗಳಿಗೆ ಈ ನಿಯಮದಿಂದ ವಿನಾಯಿತಿ ಕೊಡುವ ತಿದ್ದುಪಡಿ ಬಂತು. ಆ ವಿನಾಯಿತಿಯನ್ನು ಅದೇ ವರ್ಷದ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. "ಇದು ಕಾಲೇಜು ಕಟ್ಟಡ, ಅನುಮತಿ ಬೇಕಿಲ್ಲ" ಎಂದು ಯಾರಾದರೂ ಹೇಳಿದರೆ ಇದನ್ನು ನೆನಪಿಸಿ.

ಹಾಗಾದರೆ ಊರಿನ ಯೋಜನಾ ಪ್ರಾಧಿಕಾರದ ಪಾತ್ರವೇನು? ಇಂಗ್ಲೆಂಡಿನಲ್ಲಿ ಪರಿಸ್ಥಿತಿ ಬೇರೆ. ಅಲ್ಲಿ ಕಟ್ಟಡಕ್ಕೆ ಪರವಾನಗಿ ಕೊಡುವ ಸ್ಥಳೀಯ ಕೌನ್ಸಿಲ್ಲೇ ಪರಿಸರ ವರದಿಯನ್ನೂ ತೂಗಿ ನೋಡುತ್ತದೆ. 2017ರ ನಿಯಮದಂತೆ ವರದಿ ಬೇಕೇ ಬೇಡವೇ ಎಂಬುದನ್ನು ಸಾಮಾನ್ಯವಾಗಿ ಮೂರು ವಾರದೊಳಗೆ ಹೇಳಬೇಕು, ವರದಿ ಬಂದ ಅರ್ಜಿಯನ್ನು ಹದಿನಾರು ವಾರದಲ್ಲಿ ತೀರ್ಮಾನಿಸಬೇಕು. ರಸ್ತೆ ತಾಳುವುದೇ, ಕೆರೆ ಕೊಳೆಯುವುದೇ ಎಂಬ ಪ್ರಶ್ನೆಗೂ ಕಟ್ಟಡ ಬರಲಿ ಎಂಬ ನಿರ್ಧಾರಕ್ಕೂ ಒಂದೇ ಮೇಜು.

ನಮ್ಮಲ್ಲೂ ಹಾಗೆ ಮಾಡುವ ಪ್ರಯತ್ನ ನಡೆದಿತ್ತು, ನಿಲ್ಲಲಿಲ್ಲ. ಐದು ಹೆಕ್ಟೇರ್‌ವರೆಗಿನ ಕಲ್ಲು, ಮರಳು ಗಣಿಗಳಿಗೆ ಅನುಮತಿ ಕೊಡಲು 2016ರ ಜನವರಿಯಲ್ಲಿ ಜಿಲ್ಲಾಧಿಕಾರಿ ನೇತೃತ್ವದ ಜಿಲ್ಲಾ ಪ್ರಾಧಿಕಾರಗಳು ಹುಟ್ಟಿದವು. 2018ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇದನ್ನು ಒಪ್ಪಲಿಲ್ಲ; ಅಧಿಕಾರ ಮತ್ತೆ ಸಿಯಾಗೆ ಮರಳಿತು. ನಿಮ್ಮೂರಿನ ಕ್ರಷರ್‌ಗೆ ಕಲ್ಲು ಬರುವ ಕ್ವಾರಿಯ ಇಸಿ ಆ ಎರಡು ಮೂರು ವರ್ಷದ್ದಾಗಿದ್ದರೆ, ಅದು ಮರುಪರಿಶೀಲನೆಯಾಗಿದೆಯೇ ಎಂದು ಕೇಳುವ ಹಕ್ಕು ನಿಮಗಿದೆ. ಕಟ್ಟಡಗಳ ವಿಷಯದಲ್ಲಿ 2016ರ ಡಿಸೆಂಬರ್‌ನಲ್ಲಿ ಸ್ಥಳೀಯ ಸಂಸ್ಥೆಗಳಲ್ಲೇ 'ಪರಿಸರ ಕೋಶ' ಮಾಡಿ, ಕಟ್ಟಡ ಪರವಾನಗಿಯೊಳಗೇ ಪರಿಸರ ಷರತ್ತು ಸೇರಿಸುವ ತಿದ್ದುಪಡಿ ಬಂತು. 2017ರ ಡಿಸೆಂಬರ್‌ನಲ್ಲಿ ಹಸಿರು ನ್ಯಾಯಮಂಡಳಿ ಅದರ ಮುಖ್ಯ ಅಂಶಗಳನ್ನು ತಳ್ಳಿಹಾಕಿತು. 2018ರ ನವೆಂಬರ್‌ನಲ್ಲಿ ಮತ್ತೊಮ್ಮೆ ಪ್ರಯತ್ನವಾಯಿತು. ಅದೇ ತಿಂಗಳು ದೆಹಲಿ ಹೈಕೋರ್ಟ್ ತಡೆ ಕೊಟ್ಟಿತು.

ಸ್ಥಳೀಯರಿಗೆ ಅಧಿಕಾರ ಕೊಡುವುದು ಒಳ್ಳೆಯದಲ್ಲವೇ ಎಂದು ಕೇಳಬಹುದು. ನನ್ನ ಅಭಿಪ್ರಾಯದಲ್ಲಿ ತೊಡಕು ಬೇರೆಡೆ ಇದೆ. ನಮ್ಮ ನಗರಾಭಿವೃದ್ಧಿ ಪ್ರಾಧಿಕಾರಗಳು ನಕ್ಷೆ ಮಂಜೂರು ಮಾಡುವವೂ ಹೌದು, ಬಡಾವಣೆ ಮಾಡಿ ನಿವೇಶನ ಮಾರುವವೂ ಹೌದು. ಭೂಮಿ ಅಭಿವೃದ್ಧಿಯಿಂದಲೇ ಆದಾಯ ಕಾಣುವ ಸಂಸ್ಥೆ ಅದೇ ಭೂಮಿಯ ಕೆರೆಯ ಪರ ವಾದಿಸುವುದು ಕಷ್ಟ.

ಇದಕ್ಕೆ ಬೆಂಗಳೂರಿನ ಪೆರಿಫೆರಲ್ ರಿಂಗ್ ರಸ್ತೆಗಿಂತ ದೊಡ್ಡ ಉದಾಹರಣೆ ಬೇಕಿಲ್ಲ. ತುಮಕೂರು ರಸ್ತೆಯಿಂದ ಹೊಸೂರು ರಸ್ತೆಗೆ ಸುಮಾರು 65 ಕಿಲೋಮೀಟರ್. ಅರ್ಜಿದಾರ ಸ್ವತಃ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ). 2009ರಲ್ಲಿ ಅಧ್ಯಯನದ ಅಂಶಪಟ್ಟಿ, ಅಂದರೆ ವರದಿ ಉತ್ತರಿಸಬೇಕಾದ ಪ್ರಶ್ನೆಗಳ ಪಟ್ಟಿ ಸಿಕ್ಕಿತು, 2014ರ ನವೆಂಬರ್‌ನಲ್ಲಿ ಪರಿಸರ ಅನುಮತಿ. ಪ್ರಕರಣ ಹಸಿರು ನ್ಯಾಯಮಂಡಳಿ ದಾಟಿ ಸುಪ್ರೀಂ ಕೋರ್ಟಿಗೆ ಹೋಯಿತು. 2020ರ ಮಾರ್ಚ್ 17ರ ತೀರ್ಪು ಓದಿದರೆ ಇಐಎ ವರದಿಯೊಂದು ಎಲ್ಲೆಲ್ಲಿ ಸೋರುತ್ತದೆ ಎಂಬುದು ಒಂದೇ ಕಡೆ ಸಿಗುತ್ತದೆ. ವರದಿಗೆ ಬಳಸಿದ ಗಾಳಿ, ನೀರಿನ ಮಾಹಿತಿ ವರ್ಷಗಳಷ್ಟು ಹಳೆಯದು. ಮೂರು ವರ್ಷಕ್ಕಿಂತ ಹಳೆಯ ಮಾಹಿತಿ ನಡೆಯದು ಎಂಬುದು ಸಚಿವಾಲಯದ್ದೇ ನಿಯಮ. ಮೊದಲು ನೂರರ ಲೆಕ್ಕದಲ್ಲಿದ್ದ ಕಡಿಯಬೇಕಾದ ಮರಗಳು ಆಮೇಲೆ ಹದಿನಾರು ಸಾವಿರ ದಾಟಿದವು. ಅರಣ್ಯ ಭೂಮಿ ಇಲ್ಲ ಅಂದಿದ್ದ ದಾರಿಯಲ್ಲಿ ಜಾರಕಬಂಡೆ ಕಾವಲ್ ಇತ್ತು. ತಜ್ಞರ ಸಮಿತಿ ಯಾಕೆ ಒಪ್ಪಿತು ಎಂಬುದಕ್ಕೆ ನಡಾವಳಿಯಲ್ಲಿ ಕಾರಣವೇ ಕಾಣಲಿಲ್ಲ. ಕೋರ್ಟು ಹೊಸದಾಗಿ ಇಐಎ ಮಾಡುವಂತೆ ಬಿಡಿಎಗೆ ಹೇಳಿತು.

ಇದರಲ್ಲಿ ಗಮನಿಸಬೇಕಾದ್ದು, ಗೆದ್ದ ವಾದಗಳೆಲ್ಲ ಕಡತದೊಳಗಿನ ಕಾಗದಗಳಿಂದಲೇ ಬಂದವು. "ಬೆಂಗಳೂರಿಗೆ ಇನ್ನೊಂದು ರಸ್ತೆ ಬೇಡ" ಎಂಬ ಮಾತಿಗೆ ಕೋರ್ಟಿನಲ್ಲಿ ತೂಕವಿಲ್ಲ. ಒಂದು ಪುಟದಲ್ಲಿ ಇನ್ನೂರು ಮರ, ಇನ್ನೊಂದು ಕಾಗದದಲ್ಲಿ ಹದಿನಾರು ಸಾವಿರ ಎಂಬುದಕ್ಕೆ ಇದೆ.

ಹಾಗಾಗಿ ಕಡತ ಓದಬೇಕು, ಬೇಗ ಓದಬೇಕು. ಅರ್ಜಿಗಳೆಲ್ಲ 2018ರಲ್ಲಿ ಶುರುವಾದ 'ಪರಿವೇಶ್' ಜಾಲತಾಣದಲ್ಲಿ ಇರುತ್ತವೆ. ಜಿಲ್ಲೆ, ಕಂಪನಿ ಅಥವಾ ಯೋಜನೆಯ ಹೆಸರು ಕೊಟ್ಟು ಹುಡುಕಬಹುದು. ಸಿಯಾಕ್ ಸಭೆಯ ಕಾರ್ಯಸೂಚಿ, ನಡಾವಳಿ ಅಲ್ಲೇ ಸಿಗುತ್ತವೆ. ಜಾಲತಾಣ ಇಂಗ್ಲಿಷಿನಲ್ಲಿದೆ, ಹುಡುಕುವುದೂ ಸುಲಭವಲ್ಲ. ಊರಿನ ಕಾಲೇಜು ಹುಡುಗರಲ್ಲೊಬ್ಬರಿಗೆ ವಾರಕ್ಕೊಮ್ಮೆ ನೋಡುವ ಕೆಲಸ ವಹಿಸುವುದು ವಾಸಿ.

ಬಿ1 ಮತ್ತು ಎ ವರ್ಗದಲ್ಲಿ ಮೊದಲ ಮುಖ್ಯ ಘಟ್ಟ ಅಧ್ಯಯನದ ಅಂಶಪಟ್ಟಿ. ಟಿಒಆರ್ ಅನ್ನುತ್ತಾರೆ. ವರದಿ ಯಾವ ಯಾವ ಪ್ರಶ್ನೆಗೆ ಉತ್ತರ ಕೊಡಬೇಕು ಎಂದು ಸಮಿತಿ ಬರೆದುಕೊಡುವ ಪಟ್ಟಿ ಅದು. ಬಹುತೇಕ ಜನ ಎಚ್ಚರಾಗುವುದು ಸಾರ್ವಜನಿಕ ಅಹವಾಲು ಸಭೆಯ ನೋಟಿಸ್ ಪತ್ರಿಕೆಯಲ್ಲಿ ಬಂದಾಗ. ಅಷ್ಟರಲ್ಲಿ ಪ್ರಶ್ನೆಪತ್ರಿಕೆ ತಯಾರಾಗಿ, ಉತ್ತರವೂ ಬರೆದಾಗಿರುತ್ತದೆ. ನಿಮ್ಮ ಹಳ್ಳಿಯ ತೊರೆಯ ಬಗ್ಗೆ ಅಧ್ಯಯನ ಆಗಬೇಕಿದ್ದರೆ ಆ ತೊರೆಯ ಹೆಸರು ಟಿಒಆರ್‌ನಲ್ಲಿ ಇರಬೇಕು. ಅರ್ಜಿ ಪರಿವೇಶ್‌ನಲ್ಲಿ ಕಂಡ ಕೂಡಲೇ ಸಿಯಾಕ್ ಕಾರ್ಯದರ್ಶಿಗೆ ಒಂದು ಪತ್ರ ಬರೆಯಿರಿ: ಸರ್ವೆ ನಂಬರ್ ಇಂತಿಷ್ಟರಲ್ಲಿ ಇಂಥ ಹಳ್ಳ ಹರಿಯುತ್ತದೆ, ಇಷ್ಟು ಬೋರ್‌ವೆಲ್ ಇವೆ, ಕೆಳಗಿನ ಕೆರೆಗೆ ನೀರು ಇಲ್ಲಿಂದಲೇ ಹೋಗುತ್ತದೆ, ಇದನ್ನು ಅಧ್ಯಯನದಲ್ಲಿ ಸೇರಿಸಿ. ಒಂದು ಪುಟ ಸಾಕು. ಗ್ರಾಮ ನಕ್ಷೆಯ ಪ್ರತಿ ಲಗತ್ತಿಸಿ, ಸ್ವೀಕೃತಿ ಪಡೆಯಿರಿ. ಸಮಿತಿ ಇದನ್ನು ಒಪ್ಪಲೇಬೇಕೆಂಬ ಕಾನೂನಿಲ್ಲ. ಆದರೆ ಕಡತದಲ್ಲಿ ನಿಮ್ಮ ಪತ್ರ ಇದ್ದೂ ವರದಿ ಮೌನವಾಗಿದ್ದರೆ ಮುಂದೆ ಅದೊಂದೇ ಸಾಕಾಗಬಹುದು.

ಕರಡು ವರದಿ ಬಂದಾಗ ಎಲ್ಲ ಪುಟ ಓದಲು ಯಾರಿಗೂ ಆಗುವುದಿಲ್ಲ. ವರದಿ ಬರೆಯುವ ಸಲಹಾ ಸಂಸ್ಥೆಗೆ ಹಣ ಕೊಡುವವರು ಯೋಜನೆಯವರೇ. ಅದನ್ನು ಮನಸ್ಸಿನಲ್ಲಿಟ್ಟು ಕೆಲವೇ ಕಡೆ ಕಣ್ಣು ಹಾಯಿಸಿ. ಮಾಹಿತಿ ಸಂಗ್ರಹಿಸಿದ ತಿಂಗಳು ಯಾವುದು? ಸಾಮಾನ್ಯವಾಗಿ ಮಳೆಗಾಲ ಬಿಟ್ಟು ಒಂದು ಋತುವಿನ ಅಧ್ಯಯನ ಮಾಡುತ್ತಾರೆ. ಮಲೆನಾಡಿನ ಹೊಳೆಯನ್ನು ಬೇಸಿಗೆಯ ಮೂರು ತಿಂಗಳಲ್ಲಿ ನೋಡಿ ಬರೆದ ವರದಿಗೆ ಆ ಹೊಳೆ ಗೊತ್ತೇ ಇರುವುದಿಲ್ಲ. ಮಳೆ ಬಿದ್ದಾಗ ಕುಸಿಯುವ ಗುಡ್ಡ, ಜೂನ್‌ನಲ್ಲಿ ಹತ್ತುವ ಮೀನು, ಸಂಜೆ ಕೂಗುವ ಕಪ್ಪೆ ಯಾವುದೂ ಅದರಲ್ಲಿ ಇರುವುದಿಲ್ಲ. ಈ ಆಕ್ಷೇಪವನ್ನು ನಿಮ್ಮೂರಿನ ತಿಂಗಳು, ಜಾಗಗಳ ಹೆಸರಿನೊಂದಿಗೆ ಬರೆಯಿರಿ. ಸಸ್ಯ, ಪ್ರಾಣಿಗಳ ಪಟ್ಟಿಯಲ್ಲಿ ನಿಮ್ಮ ಕಡೆ ಯಾರೂ ಕಾಣದ ಜೀವಿ ಇದ್ದರೆ ಅದನ್ನೂ ಗುರುತಿಸಿ. ಬೇರೆ ವರದಿಯಿಂದ ಎತ್ತಿ ಹಾಕಿದ ಪುಟಗಳು ಸಿಕ್ಕಿಬೀಳುವುದು ಅಲ್ಲೇ.

ನೀರಿನ ಲೆಕ್ಕವನ್ನು ಮಾತ್ರ ಬಿಡಬೇಡಿ. ಐನೂರು ಫ್ಲಾಟು, ಮನೆಗೆ ನಾಲ್ವರು, ತಲಾ ದಿನಕ್ಕೆ 135 ಲೀಟರ್ ಅಂದರೆ ದಿನಕ್ಕೆ 2.7 ಲಕ್ಷ ಲೀಟರ್. 6,000 ಲೀಟರ್ ಟ್ಯಾಂಕರಿನಲ್ಲಿ ತಂದರೆ ನಲವತ್ತೈದು ಟ್ಯಾಂಕರು, ಪ್ರತಿದಿನ. ಒಂದು ಪಾಲು ಶುದ್ಧೀಕರಿಸಿದ ನೀರಿನಿಂದ ತೂಗುತ್ತದೆ ಎಂದು ಅವರು ತೋರಿಸುತ್ತಾರೆ. ಆಗಲಿ, ಉಳಿದದ್ದು ಎಲ್ಲಿಂದ? "ಜಲಮಂಡಳಿ" ಎಂದು ಬರೆದಿದ್ದರೆ ಜಲಮಂಡಳಿಯ ಪತ್ರ ಲಗತ್ತಾಗಿದೆಯೇ ನೋಡಿ, ಆ ಪತ್ರದಲ್ಲಿ "ಲಭ್ಯತೆಗೆ ಒಳಪಟ್ಟು" ಅಂತ ಇದೆಯೇ ಎಂಬುದನ್ನೂ ನೋಡಿ. ಬೋರ್‌ವೆಲ್ ಎಂದಿದ್ದರೆ ಪಕ್ಕದ ತೋಟಗಳ ಬೋರ್‌ವೆಲ್ ಎಷ್ಟು ಅಡಿಗೆ ಇಳಿದಿದೆ ಎಂಬ ಪಟ್ಟಿ ನಿಮ್ಮ ಬಳಿ ಇರಲಿ.

ಇನ್ನು ಅಹವಾಲು ಸಭೆ. ಇದನ್ನು ನಡೆಸುವುದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ; ಅಧ್ಯಕ್ಷತೆ ಜಿಲ್ಲಾಧಿಕಾರಿಯದ್ದು ಅಥವಾ ಅಪರ ಜಿಲ್ಲಾಧಿಕಾರಿಗಿಂತ ಕೆಳಗಿಲ್ಲದ ಪ್ರತಿನಿಧಿಯದ್ದು. ಒಂದು ರಾಷ್ಟ್ರೀಯ ದಿನಪತ್ರಿಕೆ, ಒಂದು ಪ್ರಾದೇಶಿಕ ಭಾಷೆಯ ದಿನಪತ್ರಿಕೆಯಲ್ಲಿ ಕನಿಷ್ಠ 30 ದಿನ ಮೊದಲು ಪ್ರಕಟಣೆ ಬರಬೇಕು. ಕರಡು ವರದಿ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿ ಅಥವಾ ಪಾಲಿಕೆ, ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ನೋಡಲು ಸಿಗಬೇಕು. ಸಾರಾಂಶ ಕನ್ನಡದಲ್ಲೂ ಇರಬೇಕು. ಭಾಷೆಯ ಪ್ರಶ್ನೆ ಸಣ್ಣದಲ್ಲ: 2020ರಲ್ಲಿ ಕೇಂದ್ರ ಹೊಸ ಇಐಎ ಕರಡು ತಂದಾಗ ಅದನ್ನು ಭಾರತೀಯ ಭಾಷೆಗಳಿಗೆ ಅನುವಾದಿಸುವಂತೆ ದೆಹಲಿ ಹೈಕೋರ್ಟ್ ಹೇಳಿತ್ತು, ಸಾಕಷ್ಟು ಪ್ರಚಾರ ಸಿಗದ್ದಕ್ಕೆ ಕರ್ನಾಟಕ ಹೈಕೋರ್ಟ್ ಅಂತಿಮ ಅಧಿಸೂಚನೆಗೆ ಮಧ್ಯಂತರ ತಡೆ ಹಾಕಿತ್ತು.

ಸಭೆಯಲ್ಲಿ ಮತ ಎಣಿಸುವುದಿಲ್ಲ. ಕೋರಂ ಇಲ್ಲ. ಯೋಜನೆ ಬೇಕೋ ಬೇಡವೋ ಎಂದು ಜಿಲ್ಲಾಧಿಕಾರಿ ಅಲ್ಲಿ ತೀರ್ಮಾನಿಸುವುದೂ ಇಲ್ಲ. ಜನ ಹೇಳಿದ್ದನ್ನು ದಾಖಲಿಸಿ ಕಳಿಸುತ್ತಾರೆ. ಆದ್ದರಿಂದ ಸಾವಿರ ಜನ ಒಟ್ಟಿಗೆ ಧಿಕ್ಕಾರ ಕೂಗಿದರೆ ನಡಾವಳಿಯಲ್ಲಿ ಅದು ಒಂದು ಸಾಲು. ಇಪ್ಪತ್ತು ಜನ ಇಪ್ಪತ್ತು ಬೇರೆ ಬೇರೆ ವಿಷಯ ಹೇಳಿದರೆ ಇಪ್ಪತ್ತು ಅಂಶ, ಪ್ರತಿಯೊಂದಕ್ಕೂ ಅರ್ಜಿದಾರರು ಅಂತಿಮ ವರದಿಯಲ್ಲಿ ಉತ್ತರ ಬರೆಯಬೇಕು. ಜನ ಸೇರುವುದು ವ್ಯರ್ಥ ಅನ್ನುತ್ತಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಗೆ ಕಾರ್ಗಲ್, ಗೇರುಸೊಪ್ಪಗಳಲ್ಲಿ ನಡೆದ ಅಹವಾಲು ಸಭೆಗಳಿಗೆ ಬಂದ ಜನರನ್ನು ಸರ್ಕಾರ ಕಾಣದೆ ಇರಲು ಸಾಧ್ಯವಿರಲಿಲ್ಲ. ಆದರೆ ಜನಸಂದಣಿಯ ಒತ್ತಡ ರಾಜಕಾರಣಕ್ಕೆ ತಲುಪುತ್ತದೆ, ಕಡತಕ್ಕೆ ತಲುಪುವುದು ಕಾಗದ. ಎರಡನ್ನೂ ಕಳಿಸಬೇಕು.

ಯಾರು ಯಾವುದರ ಬಗ್ಗೆ ಮಾತಾಡಬೇಕು ಎಂದು ಹಿಂದಿನ ದಿನವೇ ಹಂಚಿಕೊಳ್ಳಿ. ಅಡಿಕೆ ಬೆಳೆಗಾರ ನೀರಿನ ಬಗ್ಗೆ, ಶಾಲೆಯ ಮೇಷ್ಟ್ರು ಲಾರಿ ಓಡಾಡುವ ರಸ್ತೆಯ ಬಗ್ಗೆ, ಮೀನುಗಾರರು ಅಳಿವೆಯ ಬಗ್ಗೆ. ಹೇಳಿದ್ದನ್ನೇ ಬರೆದು ಕೊಟ್ಟು ಮೊಹರು ಹಾಕಿಸಿಕೊಳ್ಳಿ. ಊರು ಬಿಟ್ಟು ಹೊರಗಿರುವವರು, ಸಂಘಟನೆಗಳು ಲಿಖಿತವಾಗಿ ಕಳಿಸಬಹುದು. ಸಭೆ ಮುಗಿದ ಮೇಲೆ ಎದ್ದು ಹೋಗಬೇಡಿ. ಎತ್ತಿದ ಅಂಶಗಳ ಪಟ್ಟಿಯನ್ನು ಅಲ್ಲೇ ಕನ್ನಡದಲ್ಲಿ ಓದಿ ಹೇಳಬೇಕು, ಅಂದೇ ಸಹಿ ಆಗಬೇಕು, ಪೂರ್ತಿ ಸಭೆ ವಿಡಿಯೊ ಆಗಬೇಕು. ಪಟ್ಟಿಯಲ್ಲಿ ನಿಮ್ಮ ಮಾತು ಬಿಟ್ಟುಹೋಗಿದ್ದರೆ ಎದ್ದುನಿಂತು ಹೇಳುವ ಹೊತ್ತು ಅದು. ಊಟದ ಪ್ಯಾಕೆಟ್ ಹಂಚಲು ಶುರುವಾಗುವುದೂ ಸಾಮಾನ್ಯವಾಗಿ ಆಗಲೇ.

ಆದರೆ ಅಪಾರ್ಟ್‌ಮೆಂಟ್, ಟೆಕ್ ಪಾರ್ಕ್, ಟೌನ್‌ಶಿಪ್‌ಗಳಿಗೆ ಅಹವಾಲು ಸಭೆಯೇ ಇಲ್ಲ. ಅಧಿಸೂಚನೆ ಅವಕ್ಕೆ ವಿನಾಯಿತಿ ಕೊಟ್ಟಿದೆ. ಬಿ2 ಯೋಜನೆಗಳಿಗೂ ಇಲ್ಲ. ರೈಲು ಮಾರ್ಗವಂತೂ ಇಐಎ ಪಟ್ಟಿಯಲ್ಲೇ ಇಲ್ಲ. ಹುಬ್ಬಳ್ಳಿ–ಅಂಕೋಲಾ ಮಾರ್ಗದ ಜಗಳ ಅರಣ್ಯ ಮತ್ತು ವನ್ಯಜೀವಿ ಅನುಮತಿಗಳ ಸುತ್ತ ನಡೆದದ್ದು ಅದಕ್ಕೇ. ನಗರದ ಮಂದಿಗೆ ಇದು ದೊಡ್ಡ ಕೊರತೆ, ನನಗೆ ಇದಕ್ಕೆ ಸಮರ್ಥನೆ ಕಾಣುವುದಿಲ್ಲ. ಒಂದು ಸಣ್ಣ ಪಟ್ಟಣದಷ್ಟು ಜನ ಬಂದು ನೆಲೆಸುವ ಟೌನ್‌ಶಿಪ್ಪಿನ ಬಗ್ಗೆ ಪಕ್ಕದ ಬೀದಿಯವರನ್ನು ಯಾರೂ ಕೇಳಬೇಕಿಲ್ಲ.

ಇಲ್ಲಿ ಯೋಜನಾ ಪ್ರಾಧಿಕಾರಕ್ಕೆ ಮರಳಬೇಕು. ಇಸಿ ಅದರ ಕೈಯಲ್ಲಿ ಇಲ್ಲದಿದ್ದರೂ ಭೂಬಳಕೆ ಬದಲಾವಣೆ, ನಕ್ಷೆ ಮಂಜೂರಾತಿ, ಕೆಲಸ ಶುರುಮಾಡುವ ಪ್ರಮಾಣಪತ್ರ, ಕೊನೆಗೆ ವಾಸಯೋಗ್ಯ ಪತ್ರ ಇವೆಲ್ಲ ಪ್ರಾಧಿಕಾರದ ಅಥವಾ ಪಾಲಿಕೆಯ ಮೇಜಿನಲ್ಲೇ ಇವೆ. ಇಸಿ ಬಂದ ಮಾತ್ರಕ್ಕೆ ರಾಜಕಾಲುವೆ ಬಫರ್, ಅಂದರೆ ಕಟ್ಟಡವಿಲ್ಲದೆ ಬಿಡಬೇಕಾದ ಅಂಚು, ಮಾಯವಾಗುವುದಿಲ್ಲ. ಬೆಳ್ಳಂದೂರು ಮತ್ತು ಅಗರ ಕೆರೆಗಳ ನಡುವಿನ ಯೋಜನೆಗಳ ಪ್ರಕರಣದಲ್ಲಿ 2016ರ ಮೇ ತಿಂಗಳಲ್ಲಿ ಹಸಿರು ನ್ಯಾಯಮಂಡಳಿ ಬೆಂಗಳೂರಿನ ಕೆರೆಗಳಿಗೆ 75 ಮೀಟರ್ ಬಫರ್ ವಿಧಿಸಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿದಾಗ ಹೇಳಿದ್ದರ ತಾತ್ಪರ್ಯ, ಅಳತೆ ಮಹಾಯೋಜನೆಯಲ್ಲಿ ಇದ್ದಂತೆಯೇ ನಡೆಯಬೇಕು ಎಂದು. ಅಂದರೆ ಬಫರಿನ ಪ್ರಶ್ನೆಗೆ ಕೊನೆಯ ಆಧಾರ ಯೋಜನಾ ಪ್ರಾಧಿಕಾರದ ದಾಖಲೆ. ಇಸಿ ಅರ್ಜಿಗೆ ಲಗತ್ತಿಸಿದ ನಕ್ಷೆ ಮತ್ತು ಪ್ರಾಧಿಕಾರ ಮಂಜೂರು ಮಾಡಿದ ನಕ್ಷೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಅಂತಸ್ತು, ವಿಸ್ತೀರ್ಣ, ಕಾಲುವೆಯ ಗೆರೆ ಬೇರೆಬೇರೆ ಇದ್ದರೆ ದೂರು ಎರಡೂ ಕಡೆ ಹೋಗಲಿ.

ನಕ್ಷೆ ಕೊಡದಿದ್ದರೆ ಮಾಹಿತಿ ಹಕ್ಕು ಅರ್ಜಿ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ, ಹತ್ತು ರೂಪಾಯಿ ಶುಲ್ಕ. ಉದ್ದ ಕಥೆ ಬರೆದರೆ ತಿರಸ್ಕರಿಸಲು ನೆಪ ಕೊಟ್ಟಂತೆ. ಸರ್ವೆ ನಂಬರ್, ಹಳ್ಳಿ, ಬೇಕಾದ ದಾಖಲೆಯ ಹೆಸರು ಇಷ್ಟೇ ಇರಲಿ.

ಇಸಿ ಸಿಕ್ಕ ಮೇಲೆ ಅರ್ಜಿದಾರರು ಏಳು ದಿನದೊಳಗೆ ಎರಡು ಸ್ಥಳೀಯ ಪತ್ರಿಕೆಗಳಲ್ಲಿ, ಅದರಲ್ಲೊಂದು ಕನ್ನಡದ್ದು, ಜಾಹೀರಾತು ಕೊಡಬೇಕು. ಪ್ರತಿಯನ್ನು ಪಂಚಾಯಿತಿ ಅಥವಾ ನಗರಸಭೆ ತನ್ನ ಕಚೇರಿಯಲ್ಲಿ 30 ದಿನ ಪ್ರದರ್ಶಿಸಬೇಕು. ಆ ಪತ್ರದ ಕೊನೆಯ ಪುಟಗಳಲ್ಲಿ ಷರತ್ತುಗಳಿರುತ್ತವೆ: ಇಷ್ಟು ಮರ ನೆಡಬೇಕು, ಕೊಳಚೆ ನೀರು ಹೀಗೆ ಶುದ್ಧಿಯಾಗಬೇಕು, ಮೇಲ್ಮಣ್ಣು ಉಳಿಸಬೇಕು. ಪಾಲನಾ ವರದಿಯನ್ನು ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಸಲ್ಲಿಸಬೇಕು. ಅದು ಸಾರ್ವಜನಿಕ ದಾಖಲೆ. ಅಪಾರ್ಟ್‌ಮೆಂಟಿನಲ್ಲಿ ಫ್ಲಾಟು ಕೊಳ್ಳುವವರೂ ಇದನ್ನು ಓದಬೇಕು. ಕಟ್ಟಿದವರು ಹೋದ ಮೇಲೆ ಕೆಟ್ಟುನಿಂತ ಕೊಳಚೆ ಶುದ್ಧೀಕರಣ ಘಟಕಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಯ ನೋಟಿಸ್ ಬರುವುದು ನಿವಾಸಿಗಳ ಸಂಘಕ್ಕೆ.

ಇಸಿಯನ್ನೇ ಪ್ರಶ್ನಿಸುವುದಾದರೆ ಕರ್ನಾಟಕದವರು ಹೋಗಬೇಕಾದ್ದು ಚೆನ್ನೈನಲ್ಲಿರುವ ಹಸಿರು ನ್ಯಾಯಮಂಡಳಿಯ ದಕ್ಷಿಣ ವಲಯ ಪೀಠಕ್ಕೆ. ಗಡುವು 30 ದಿನ. ಸಕಾರಣವಿದ್ದರೆ ಇನ್ನೂ 60 ದಿನದವರೆಗೆ ವಿಳಂಬ ಮನ್ನಿಸಬಹುದು, ಅದರಾಚೆಗೆ ಒಂದು ದಿನವೂ ಇಲ್ಲ. ಇಸಿ ಪರಿವೇಶ್‌ನಲ್ಲೋ ಪತ್ರಿಕೆಯಲ್ಲೋ ಮೊದಲು ಕಂಡ ದಿನದಿಂದಲೇ ಎಣಿಸಿಕೊಳ್ಳಿ. "ನಮಗೆ ತಡವಾಗಿ ಗೊತ್ತಾಯಿತು" ಎಂಬ ವಾದವನ್ನು ನಂಬಿ ಕೂರಬೇಡಿ. ಪರಿಹಾರ ಹಣ ಕೇಳದ ಅರ್ಜಿಗೆ ಶುಲ್ಕ 1,000 ರೂಪಾಯಿ. ವಕೀಲರಿಲ್ಲದೆ ಸ್ವತಃ ವಾದಿಸಲೂ ಅವಕಾಶವಿದೆ. ಟಿಒಆರ್ ಹಂತದ ಪತ್ರ, ಅಹವಾಲು ಸಭೆಯಲ್ಲಿ ಮೊಹರು ಹಾಕಿಸಿಕೊಂಡ ಪ್ರತಿ, ಬೇಲಿಯೊಳಗಿನ ಫೋಟೊ ಇವನ್ನೆಲ್ಲ ದಿನಾಂಕದ ಕ್ರಮದಲ್ಲಿ ಜೋಡಿಸಿ ಲಗತ್ತಿಸಿ. ಮೇಲ್ಮನವಿ ದಾಖಲಾದ ಮಾತ್ರಕ್ಕೆ ಸ್ಥಳದಲ್ಲಿ ಕೆಲಸ ನಿಲ್ಲುವುದಿಲ್ಲ. ತಡೆಯಾಜ್ಞೆಯನ್ನು ಅದೇ ದಿನ ಬೇರೆ ಅರ್ಜಿಯಲ್ಲಿ ಕೇಳಬೇಕು.